ಹೊಳೆಬದಿಯ ಚುರುಳಿ: ಎಲೆಯ ಬೆನ್ನು ನೋಡಿ ಕೊಯ್ಯಿರಿ

ವಯನಾಡಿನ ಪೆರಿಕಲ್ಲೂರು ಕಡವಿನಲ್ಲಿ ಕಬಿನಿಯನ್ನು ದೋಣಿಯಲ್ಲಿ ದಾಟಿದರೆ ಆಚೆ ದಡ ಕರ್ನಾಟಕದ ಬೈರಕುಪ್ಪೆ. ಹೊಳೆ ರಾಜ್ಯಗಳನ್ನು ಬೇರೆ ಮಾಡಿದೆ, ದಡದ ಸೊಪ್ಪನ್ನಲ್ಲ. ಮಳೆ ಹಿಡಿದೊಡನೆ ಅಲ್ಲಿ ತಲೆಯೆತ್ತುವ ಜರೀಗಿಡದ ಎಳೆ ಚಿಗುರನ್ನು ವಯನಾಡಿನವರು ಚುರುಳಿ ಎನ್ನುತ್ತಾರೆ. ನಮ್ಮ 'ಸುರುಳಿ'ಯೊಂದಿಗೆ ಅದಕ್ಕಿರುವ ನಂಟನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಡಗಿನಲ್ಲಿ ಜರೀಗಿಡದ ಇಂಥ ಚಿಗುರಿಗೆ ತೆರ್ಮೆ ತೊಪ್ಪು ಎಂದು ಹೆಸರು.

ಅಲ್ಲಿಗೆ ಮಕ್ಕಳನ್ನು ಕರೆದೊಯ್ದಿದ್ದಾಗ ಒಬ್ಬ ಹುಡುಗ ದಾರಿಯ ಗುಡ್ಡದ ಓರೆಯಿಂದ ಒಂದು ಕಂತೆ ಚಿಗುರು ಕಿತ್ತು ತಂದ. ಜತೆಗೊಂದು ಬಲಿತ ಎಲೆಯೂ ಇತ್ತು. "ಇದೂ ಚುರುಳಿಯೇ ಅಲ್ಲವೇ, ಮಾಷ್ಟ್ರೇ?" ಹೌದೆನ್ನಲು ನಾವು ಬಾಯಿ ತೆರೆದಿದ್ದೆವು. ಕರಿಹಲಗೆಯ ಮೇಲೆ ಜರೀಗಿಡದ ಚಿತ್ರ ಎಷ್ಟು ಸಲ ಬರೆದಿದ್ದರೇನು, ಕೈಗೆ ಗಿಡ ಬಂದಾಗ ತಡವರಿಸಿದೆವು. ಎಲೆ ತಿರುಗಿಸಿ ನೋಡಿದ ಮೇಲೆ ಎದೆ ಧಸಕ್ಕೆಂದಿತು. ಅದು ಬ್ರಾಕೆನ್!

ಬ್ರಾಕೆನ್‌ನಲ್ಲಿ ಟಾಕ್ವಿಲೋಸೈಡ್ ಎಂಬ ವಿಷವಿದೆ. ಅದನ್ನು 1983ರಲ್ಲಿ ಜಪಾನ್ ಮತ್ತು ಹಾಲೆಂಡಿನ ವಿಜ್ಞಾನಿಗಳು ಪ್ರತ್ಯೇಕಿಸಿದರು. ಈ ಗಿಡವನ್ನು ಬಹುಕಾಲ ಮೇಯ್ದ ದನಗಳಿಗೆ ಮೂತ್ರಕೋಶದಲ್ಲಿ ಗಡ್ಡೆಯಾಗಿ ರಕ್ತ ಹೋಗುವುದುಂಟು.

ಹಾಗಾದರೆ ಗುರುತು? ಚುರುಳಿಯ ಶಾಸ್ತ್ರೀಯ ನಾಮ ಡಿಪ್ಲೇಜಿಯಂ ಎಸ್ಕ್ಯುಲೆಂಟಂ. ಎರಡನೆಯ ಪದಕ್ಕೆ ತಿನ್ನತಕ್ಕದ್ದು ಎಂದರ್ಥ, ಮೊದಲನೆಯದಕ್ಕೆ ಇಮ್ಮಡಿ. ಬಲಿತ ಎಲೆಯ ಬೆನ್ನಿನಲ್ಲಿ ಬೀಜಕಣಗಳು ನರದುದ್ದಕ್ಕೂ ಗೆರೆಯಾಗಿ ನಿಲ್ಲುತ್ತವೆ. ಕೆಲವೆಡೆ ಒಂದೇ ನರದ ಎರಡು ಬದಿಗೂ ಬೆನ್ನಿಗೆ ಬೆನ್ನು ಕೊಟ್ಟ ಜೋಡಿಗೆರೆ ಕಾಣುವುದು. ಪಕ್ಕಪಕ್ಕದ ಹಾಲೆಗಳ ನರಗಳು ನಡುವೆ ಕೂಡಿಕೊಳ್ಳುತ್ತವೆ. ಬ್ರಾಕೆನ್‌ನಲ್ಲಾದರೋ ಬೀಜಕಣಗಳು ಎಲೆಯ ಅಂಚಿನಲ್ಲಿ, ಒಳಕ್ಕೆ ಮಡಚಿದ ಸೆರಗಿನಡಿಯಲ್ಲಿ ಇರುತ್ತವೆ.

ಆದರೆ ಸುತ್ತಿಕೊಂಡ ಚಿಗುರಿನಲ್ಲಿ ಈ ಗೆರೆಗಳು ಕಾಣವು. ಮೋಸಹೋಗುವುದು ಇಲ್ಲಿಯೇ. ಆದುದರಿಂದ ಬುಡ ನೋಡಬೇಕು. ಚುರುಳಿ ನೀರಿನ ಒರತೆಯಿರುವಲ್ಲಿ, ತೋಡಿನ ಬದಿಯಲ್ಲಿ, ಒಂದೇ ಬುಡದಿಂದ ಬುಟ್ಟಿಯಂತೆ ಹಲವು ಎಲೆಗಳನ್ನು ಎತ್ತುತ್ತದೆ. ಪಕ್ಕದ ಹಳೆಯ ಎಲೆಯನ್ನು ತಿರುಗಿಸಿ ನೋಡಬಹುದು. ಬ್ರಾಕೆನ್ ಬಿಸಿಲು ಬೀಳುವ ಬಯಲಿನ, ಗುಡ್ಡದ ಗಿಡ. ನೆಲದೊಳಗೆ ಹರಿದ ಬೇರುಕಾಂಡದಿಂದ ಒಂದೊಂದೇ ದಂಟು ಅಲ್ಲಲ್ಲಿ ಏಳುತ್ತದೆ.

ಚುರುಳಿಯನ್ನಾದರೂ ಹಸಿಯಾಗಿ ತಿನ್ನಬಾರದು. ಚೆನ್ನಾಗಿ ಬೇಯಿಸಿ ನೀರು ಚೆಲ್ಲಿಯೇ ಪಲ್ಯ ಮಾಡುವುದು ಕ್ಷೇಮ.

ಹುಡುಗನ ಕಂತೆಯನ್ನು ಬಿಸಾಡಲಿಲ್ಲ. ಒಣಗಿಸಿ, ಹೊಳೆಬದಿಯ ಚುರುಳಿ ಎಲೆಯೊಂದಿಗೆ ಒಂದೇ ರಟ್ಟಿನ ಮೇಲೆ, ಬೆನ್ನು ಕಾಣುವಂತೆ ಅಂಟಿಸಿ ತರಗತಿಯಲ್ಲಿ ತೂಗುಹಾಕಿದ್ದೇವೆ.