ಕೂಗಲಾರದ ಏಳು ತಿಂಗಳು

ನಮ್ಮಾಕೆಯ ಕೊರಳಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಕಾಣಿಸಿಕೊಂಡು, ಥೈರಾಯಿಡ್ ಗ್ರಂಥಿಯ ಎಡಭಾಗವನ್ನು ಶಸ್ತ್ರಕ್ರಿಯೆಯಿಂದ ತೆಗೆಯಬೇಕಾಗಿ ಬಂದುದು ಕಳೆದ ವರ್ಷದ ಮಾತು. ಗಂಟು ಕೆಟ್ಟದ್ದಲ್ಲವೆಂದು ವರದಿ ಬಂದಿತು. ಬೊರಿವಲಿಯ ಮನೆಗೆ ನೆಮ್ಮದಿಯಿಂದ ಮರಳಿದೆವು. ಆಕೆಯ ದನಿ ಮಾತ್ರ ಮರಳಲಿಲ್ಲ. ಸೀಳಿದ ಬಿದಿರಿನಲ್ಲಿ ಗಾಳಿ ಹೊಕ್ಕಂತಹ ಸಪ್ಪಳ. ನೀರು ಕುಡಿದರೆ ಕೆಮ್ಮು. ಮೂರನೆಯ ಮಹಡಿಯಿಂದ ಭಾಜಿಯವನನ್ನು ಕೂಗುವಂತಿಲ್ಲ; ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ‘ಇಳಿಯಬೇಕು, ದಾರಿ ಬಿಡಿ’ ಎನ್ನುವಂತಿಲ್ಲ. ಶುಕ್ರವಾರದ ಭಜನೆಯಲ್ಲಿ ತಾಳ ಹಿಡಿದು ಸುಮ್ಮನೆ ಕೂತಿರುತ್ತಿದ್ದಳು. ಮಗು ಒಳಗಿನಿಂದ ಕರೆದರೆ ಉತ್ತರವಾಗಿ ಚಮಚದಿಂದ ತಟ್ಟೆ ಬಡಿಯುವಳು. ಮೊದಮೊದಲು ನಾನು ಅದಕ್ಕೆ ನಕ್ಕೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ನಾಲ್ಕು ದಿನದಲ್ಲಿ ಸರಿಹೋದೀತೆಂದು ಆಸ್ಪತ್ರೆಯವರು ಹೇಳಿದ್ದರು. ನಾಲ್ಕು ವಾರವಾಯಿತು. ಜ್ಯೇಷ್ಠಮಧು, ಶುಂಠಿ, ಮೆಣಸಿನ ಕಷಾಯ ಎಲ್ಲವೂ ಆದುವು. ಕೊನೆಗೆ ಕಿವಿ-ಮೂಗು-ಗಂಟಲಿನ ವೈದ್ಯರೊಬ್ಬರು ಮೂಗಿನ ಮೂಲಕ ಸಣ್ಣ ನಳಿಗೆ ಇಳಿಸಿ ನೋಡಿದರು. ಎಡಗಡೆಯ ಸ್ವರತಂತು ಅಲುಗದೆ ನಿಂತಿತ್ತು.

ಅದನ್ನು ಆಡಿಸುವ ನರದ ದಾರಿ ವಿಚಿತ್ರವಾದುದು. ಅದು ನೆಟ್ಟಗೆ ಗಂಟಲಿಗೆ ಬರುವುದಿಲ್ಲ. ಕೊರಳನ್ನು ದಾಟಿ ಎದೆಗಿಳಿದು, ಮಹಾಧಮನಿಯನ್ನು ಬಳಸಿ, ಮತ್ತೆ ಮೇಲೇರಿ, ಥೈರಾಯಿಡ್‌ನ ಬೆನ್ನಿಗೆ ಅಂಟಿದಂತೆ ಹಾದು ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಪಕ್ಕದ ಮೇಜಿಗೆ ಹೋಗಬೇಕಾದ ಕಡತವು ದಿಲ್ಲಿಗೆ ಹೋಗಿ ಬರುವಂತೆ! ಗ್ರಂಥಿಯನ್ನು ಬಿಡಿಸುವಾಗ ಈ ನರ ಜಗ್ಗಿದರೂ ಮಂಕಾಗಬಹುದು. ತುಂಡಾಗದಿದ್ದರೆ ಸಾಮಾನ್ಯವಾಗಿ 6 ತಿಂಗಳಿಂದ ಒಂದು ವರ್ಷದೊಳಗೆ ಚೇತರಿಸಿಕೊಳ್ಳುತ್ತದೆ. ಚೇತರಿಸದಿದ್ದರೆ ಸ್ವರತಂತುವನ್ನು ನಡುವಿಗೆ ಸರಿಸುವ ಚಿಕಿತ್ಸೆಯೂ ಉಂಟು. ಇಷ್ಟನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿಗಳ ಅಳು ಉಳಿಯುತ್ತಿತ್ತು.

ಧ್ವನಿಚಿಕಿತ್ಸೆ ಎಂಬುದೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಪಶ್ಚಿಮ ರೈಲಿನ ದಾರಿಯಲ್ಲಿಯೇ, ಬಾಂದ್ರಾದಲ್ಲಿ, 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ವಾಕ್-ಶ್ರವಣ ಸಂಸ್ಥೆ ಇದೆ, ಮೈಸೂರಿನಲ್ಲಿಯೂ ಅಂತಹದೊಂದಿದೆ. ನಮಗೆ ದೊರೆತ ಚಿಕಿತ್ಸಕಿ ಮೊದಲು ಪಿಸುಮಾತನ್ನು ನಿಲ್ಲಿಸಿದರು. ಅದರಿಂದ ಗಂಟಲಿಗೆ ಇನ್ನಷ್ಟು ಬಿಗಿಯಂತೆ. ಬಾಯಿ ಮುಚ್ಚಿ ‘ಮ್’ ಎಂದು ಗುನುಗುವುದು, ಲೋಟದ ನೀರಿನಲ್ಲಿ ನಳಿಗೆಯಿಟ್ಟು ದನಿಗೂಡಿಸಿ ಊದುವುದು: ಇವೇ ಪಾಠ. ಮಗುವಿಗಂತೂ ದೊಡ್ಡ ಆಟ.

ಒಂದು ಸಂಜೆ ನಾನು ಗಂಗೂಬಾಯಿ ಹಾನಗಲ್ಲರ (1913–2009) ಹಾಡು ಹಾಕಿದೆ. 1930ರ ದಶಕದ ಮುದ್ರಿಕೆಗಳಲ್ಲಿ ಅವರದು ತೆಳುವಾದ, ಎತ್ತರದ ಕಂಠ. ಮುಂದೆ ಟಾನ್ಸಿಲ್ ಚಿಕಿತ್ಸೆಯ ತರುವಾಯ ಅದು ಗಂಡುದನಿಯಂತೆ ತಗ್ಗಿತು. ಕಾಯಿಲೆ ಬೇರೆ, ನಿಜ. ಆದರೂ ಆ ತಗ್ಗಿದ ಕಂಠದಿಂದಲೇ ಅವರು ದೇಶವನ್ನೆಲ್ಲ ಗೆದ್ದರು. 2002ರಲ್ಲಿ ಪದ್ಮವಿಭೂಷಣವೂ ಬಂದಿತು. ನಮ್ಮಾಕೆ ಎರಡೂ ಮುದ್ರಿಕೆಗಳನ್ನು ಕೇಳಿದಳು, ಏನೂ ಹೇಳದೆ ಎರಡನೆಯದನ್ನು ಮತ್ತೆ ಹಾಕಿದಳು.

ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಕಿಟಕಿಯಿಂದ ಕೂಗು ಕೇಳಿಸಿತು: ‘ಭಯ್ಯಾ, ಏಕ್ ಜುಡಿ ಮೇಥಿ!’ ಕೆಳಗಿನವನು ತಲೆಯೆತ್ತಿ ನೋಡಿದನಂತೆ. ತಾರಷಡ್ಜ ಇನ್ನೂ ಸಿಕ್ಕಿಲ್ಲ. ಶುಕ್ರವಾರದ ಭಜನೆಯವರು ಅವಳಿಗಾಗಿ ಶ್ರುತಿಯನ್ನು ಒಂದು ಮನೆ ಇಳಿಸಿಕೊಂಡಿದ್ದಾರೆ.