ಪರಯಂತ್ರದಲ್ಲಿ ಸ್ಲೈಡುಗಳ ಪಾಠಶುದ್ಧಿ

ಶಾಸನಪಾಠಗಳನ್ನೂ ಓಲೆಯ ಪ್ರತಿಗಳ ಛಾಯಾಚಿತ್ರಗಳನ್ನೂ ಪರದೆಯ ಮೇಲೆ ತೋರಿಸಿ ಮಾತನಾಡುವ ಪದ್ಧತಿಯು ನಮ್ಮ ವಿದ್ವದ್ಗೋಷ್ಠಿಗಳಲ್ಲಿಯೂ ಈಗ ರೂಢವಾಗಿದೆ. ಅದಕ್ಕಾಗಿ ಪವರ್‌ಪಾಯಿಂಟ್ ಮೊದಲಾದ ಸಾಧನಗಳಲ್ಲಿ ಸ್ಲೈಡುಗಳನ್ನು ಸಿದ್ಧಪಡಿಸಿಕೊಂಡು ಹೋಗುತ್ತೇವೆ. ಮನೆಯ ಗಣಕಯಂತ್ರದಲ್ಲಿ ನಿರ್ದುಷ್ಟವಾಗಿದ್ದ ಪಾಠವು ಸಭಾಂಗಣದ ಯಂತ್ರದಲ್ಲಿ ವಿಕಾರಗೊಂಡು ತೋರುವುದೂ ಅಷ್ಟೇ ರೂಢವಾಗಿದೆ. ಒಂದು ಅಕ್ಷರದ ಭೇದದ ಮೇಲೆಯೇ ವಾದವನ್ನು ನಿಲ್ಲಿಸುವವರಾದ ನಮಗೆ ಇದು ಅಲಂಕಾರದ ಲೋಪವಲ್ಲ, ಪ್ರಮಾಣದ ಲೋಪ. ಆದುದರಿಂದ ಇದರ ಕಾರಣವನ್ನೂ ಪರಿಹಾರವನ್ನೂ ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಗೋಷ್ಠಿಯಲ್ಲಿ ಹಳಗನ್ನಡದ ಱಕಾರ ೞಕಾರಗಳನ್ನು ಕುರಿತು ಮಾತನಾಡಬೇಕಾಗಿತ್ತು. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು. 'ಬಾೞ್' ಎಂದರೆ ಜೀವಿಸು, 'ಬಾಳ್' ಎಂದರೆ ಕತ್ತಿ. ಇಂತಹ ಯುಗ್ಮಗಳನ್ನು ಸಾಲುಸಾಲಾಗಿ ಬರೆದುಕೊಂಡು ಹೋಗಿದ್ದೆ. ಅಲ್ಲಿಯ ಯಂತ್ರದಲ್ಲಿ ತೆರೆದಾಗ ಕನ್ನಡದ ಸ್ಥಾನದಲ್ಲೆಲ್ಲ ಇಂಗ್ಲಿಷ್ ಅಕ್ಷರಗಳೂ ಯೂರೋಪಿನ ಭಾಷೆಗಳ ಸ್ವರಚಿಹ್ನೆಗಳೂ ಕಲಸಿ ನಿಂತಿದ್ದುವು. ಆಶ್ಚರ್ಯವೆಂದರೆ ಆ ಗೊಂದಲದ ನಡುವೆ ಱ, ೞ ಎಂಬ ಎರಡು ಅಕ್ಷರಗಳು ಮಾತ್ರ ಸ್ವಸ್ಥವಾಗಿದ್ದುವು! ಸಭಿಕರು ನಕ್ಕರು, ನಾನು ಕರಿಹಲಗೆಯನ್ನು ಆಶ್ರಯಿಸಿದೆ. ತಪ್ಪು ಆ ಯಂತ್ರದ್ದಲ್ಲ, ನನ್ನದು. ಆ ಎರಡು ಅಕ್ಷರಗಳೇಕೆ ಉಳಿದುವೆಂಬುದನ್ನು ವಿಚಾರಿಸಿದಾಗ ವಿಷಯವೆಲ್ಲ ತಿಳಿಯಾಯಿತು.

ಸ್ಲೈಡಿನ ಕಡತದಲ್ಲಿ ಅಕ್ಷರಗಳ ಆಕಾರವು ಇರುವುದಿಲ್ಲ. ಇರುವುದು ಅಕ್ಷರಗಳ ಸಂಖ್ಯಾಸಂಕೇತ ಮತ್ತು ಅವುಗಳನ್ನು ಯಾವ ಫಾಂಟಿನಲ್ಲಿ ತೋರಿಸಬೇಕೆಂಬ ಹೆಸರು, ಇಷ್ಟೇ. ಫಾಂಟೆಂಬುದು ಅಚ್ಚುಕೂಟದ ಮೊಳೆಗಳ ಪೆಟ್ಟಿಗೆಯಿದ್ದಂತೆ; ಅದು ನಮ್ಮ ಮನೆಯಲ್ಲಿಯೇ ಉಳಿಯುತ್ತದೆ. ಪರಯಂತ್ರವು ಆ ಹೆಸರಿನ ಪೆಟ್ಟಿಗೆ ತನ್ನಲ್ಲಿಲ್ಲದಿದ್ದರೆ ಬೇರೊಂದನ್ನು ಆದೇಶವಾಗಿ ತರುತ್ತದೆ. ಸ್ಥಾನಿಯ ಧರ್ಮವು ಆದೇಶಕ್ಕೆ ಬರುವುದೆಂದು ವ್ಯಾಕರಣದಲ್ಲಿ ಹೇಳುತ್ತಾರೆ. ಇಲ್ಲಿ ಹಾಗೆ ಬರುವುದೂ ಉಂಟು, ಬಾರದಿರುವುದೂ ಉಂಟು.

ಬರುವುದು ಯೂನಿಕೋಡ್ ಕ್ರಮದಲ್ಲಿ. 1991ರಲ್ಲಿ ಹೊರಟ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಪ್ರತ್ಯೇಕವಾಗಿ 128 ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ದಶಮಾನದಲ್ಲಿ ಹೇಳುವುದಾದರೆ 3221 ಎಂಬುದು ಎಲ್ಲಿ ಹೋದರೂ ಕಕಾರವೇ. 3249 ಱಕಾರ, 3294 ೞಕಾರ. (ಈ ಕೊನೆಯದಕ್ಕೆ ಪ್ರಮಾದದಿಂದ 'ಫ' ಎಂದು ಹೆಸರಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ಲಿಪಿಕಾರನ ದೋಷವನ್ನು ಕಾಪಾಡಿಕೊಂಡು ಬರುವ ನಮ್ಮ ಪ್ರತಿಪರಂಪರೆಗೆ ಇದು ಹೊಸದೇನಲ್ಲ.) ಹೀಗಿರುವುದರಿಂದ ಫಾಂಟು ಬದಲಾದರೂ ಆಕಾರ ಮಾತ್ರ ಬದಲಾಗುತ್ತದೆ, ವರ್ಣ ಕೆಡುವುದಿಲ್ಲ. ಹಳೆಯ ನುಡಿ, ಬರಹ ಮೊದಲಾದ ಫಾಂಟುಗಳಲ್ಲಿ ಹೀಗಿಲ್ಲ. ಅವುಗಳಲ್ಲಿ ಇಂಗ್ಲಿಷ್ ಮುಂತಾದುವುಗಳ ಸ್ಥಾನಗಳಲ್ಲಿಯೇ ಕನ್ನಡದ ಚೂರುಗಳನ್ನು ಕೂರಿಸಿತ್ತು. ಆ ಫಾಂಟು ಹೋದರೆ ಮೂಲದ ಇಂಗ್ಲಿಷ್ ಬಯಲಾಗುತ್ತದೆ. ನಾನು ಉಪಯೋಗಿಸಿದ್ದ ಹಳೆಯ ಫಾಂಟಿನಲ್ಲಿ ಱ, ೞ ಇರಲಿಲ್ಲವಾಗಿ ಅವೆರಡನ್ನು ಮಾತ್ರ ಯೂನಿಕೋಡಿನಿಂದ ತಂದು ಸೇರಿಸಿದ್ದೆ. ಅವು ಬದುಕಿದುದು ಅದಕ್ಕಾಗಿಯೇ.

ಆದುದರಿಂದ ಹಳೆಯ ಸ್ಲೈಡುಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳತಕ್ಕದ್ದು. ಪರಿವರ್ತಕಗಳನ್ನು ಪೂರ್ತಿಯಾಗಿ ನಂಬಬಾರದು. ಹಳೆಯ ಕ್ರಮದಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಂಡಂತೆ ವ್ಯಂಜನದ ಮುಂದೆ ಬರೆದಿಡುತ್ತಿದ್ದರು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫವು ಮೊದಲು. ಈ ವ್ಯತ್ಯಾಸದಲ್ಲಿ ಎಡವುವುದು ಉಂಟಾದುದರಿಂದ ಮೂಲದೊಡನೆ ಪದಪದವಾಗಿ ಓದಿ ನೋಡಬೇಕು.

ಯೂನಿಕೋಡಾದ ಮೇಲೂ ಆಕಾರದ ಪ್ರಶ್ನೆ ಉಳಿಯುತ್ತದೆ. ವಿಂಡೋಸಿನೊಡನೆ ಬಹುಕಾಲ ಬರುತ್ತಿದ್ದ 'ತುಂಗಾ' ಫಾಂಟು ವಿಂಡೋಸ್ 10ರಿಂದ ಐಚ್ಛಿಕವಾಗಿಬಿಟ್ಟಿದೆ. ಅಲ್ಲಿ ಸಹಜವಾಗಿ ಇರುವುದು 'ನಿರ್ಮಲಾ'. ಮ್ಯಾಕ್ ಯಂತ್ರಗಳಲ್ಲಿ ಇವೆರಡೂ ಅಲ್ಲದೆ ಬೇರೆಯೇ ಕನ್ನಡ ಫಾಂಟು ಇರುತ್ತದೆ. ಅಗಲವು ವ್ಯತ್ಯಾಸವಾದಾಗ ಪಂಕ್ತಿಗಳು ಚೌಕಟ್ಟನ್ನು ಮೀರಿ ಕೆಳಕ್ಕೆ ಇಳಿಯುತ್ತವೆ. ಛಂದಸ್ಸಿನವರಿಗೆ ಇದು ವಿಶೇಷವಾಗಿ ಅಪಾಯಕರ. ಖಾಲಿ ಜಾಗಗಳನ್ನು ಒತ್ತಿ ಒತ್ತಿ ಅಕ್ಷರದ ಮೇಲೆ ಕೂರಿಸಿದ ಗುರುಲಘು ಚಿಹ್ನೆಗಳು ಪಕ್ಕದ ಅಕ್ಷರಕ್ಕೆ ಸರಿದು ಗಣವಿಭಾಗವೇ ಸುಳ್ಳಾಗುತ್ತದೆ. ಪ್ರಸ್ತಾರವನ್ನು ಕೋಷ್ಟಕದಲ್ಲಿ, ಒಂದೊಂದು ಅಕ್ಷರಕ್ಕೆ ಒಂದೊಂದು ಮನೆಯಂತೆ, ಬರೆದರೆ ಈ ಭಯವಿಲ್ಲ. ವೇದದ ಸ್ವರಚಿಹ್ನೆಗಳಾಗಲಿ ಜಿಹ್ವಾಮೂಲೀಯ ಉಪಧ್ಮಾನೀಯಗಳಾಗಲಿ ಎಲ್ಲ ಕನ್ನಡ ಫಾಂಟುಗಳಲ್ಲಿಯೂ ಇಲ್ಲ. ಇಲ್ಲದೆಡೆ ಬರಿಯ ಚೌಕವು ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಮುಖ್ಯ ಪರಿಹಾರವು ಮೊಳೆಪೆಟ್ಟಿಗೆಯನ್ನೂ ಕಡತದೊಳಗೆ ಇಟ್ಟು ಕಳುಹಿಸುವುದು. ವಿಂಡೋಸಿನ ಪವರ್‌ಪಾಯಿಂಟಿನಲ್ಲಿ ಆಯ್ಕೆಗಳ ಪಟ್ಟಿಯ 'ಸೇವ್' ಭಾಗದಲ್ಲಿ ಫಾಂಟನ್ನು ಹುದುಗಿಸುವ ಸೌಕರ್ಯವಿದೆ. ಉಪಯೋಗಿಸಿದ ಅಕ್ಷರಗಳನ್ನು ಮಾತ್ರವೇ ಅಥವಾ ಎಲ್ಲವನ್ನೂ ಇಡಬೇಕೆ ಎಂದು ಅದು ಕೇಳುತ್ತದೆ. ಗಾತ್ರವು ಹೆಚ್ಚಾದರೂ ಎಲ್ಲವನ್ನೂ ಇಡುವುದು ಲೇಸು. ಇಲ್ಲದಿದ್ದರೆ ಸಭೆಗೆ ಮುನ್ನ ಅಲ್ಲಿಯೇ ಒಂದು ಪದವನ್ನು ತಿದ್ದಬೇಕಾದರೆ ಬೇಕಾದ ಅಕ್ಷರವೇ ಇರುವುದಿಲ್ಲ. ಫಾಂಟಿನ ಕರ್ತೃಗಳು ಹುದುಗಿಸಲು ಅನುಮತಿ ಕೊಟ್ಟಿರಬೇಕೆಂಬುದೂ ಒಂದು ನಿಯಮ. ನೋಟೋ ಸೆರಿಫ್ ಕನ್ನಡದಂತಹ ಮುಕ್ತ ಫಾಂಟುಗಳಲ್ಲಿ ಈ ತೊಡಕಿಲ್ಲ. ಮ್ಯಾಕಿನ ಹಳೆಯ ಆವೃತ್ತಿಗಳು ಹುದುಗಿಸಿದ ಫಾಂಟನ್ನು ಲಕ್ಷಿಸುತ್ತಲೇ ಇರಲಿಲ್ಲ; ಅಲ್ಲಿಗೆ ಹೋಗುವವರು ಮೊದಲೇ ಕೇಳಿಕೊಳ್ಳಬೇಕು.

ಚಿತ್ರಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅವು ಸಾಮಾನ್ಯವಾಗಿ ಕಡತದೊಳಗೇ ಸೇರುತ್ತವೆ. ಗಮಕವಾಚನದ ಧ್ವನಿಮುದ್ರಣ ಮೊದಲಾದುವನ್ನು 'ಲಿಂಕ್' ಮಾಡಿದ್ದರೆ ಮಾತ್ರ ಒಳಗೆ ಇರುವುದು ಅವುಗಳ ವಿಳಾಸವಷ್ಟೆ. ಸಭೆಯಲ್ಲಿ ಮೌನವೇ ಗತಿ. ಲಿಂಕ್ ಮಾಡದೆ ಸೇರಿಸಬೇಕು. 2013ರ ಆವೃತ್ತಿಯಿಂದ ಸ್ಲೈಡಿನ ಅಗಲ ಎತ್ತರಗಳ ಪ್ರಮಾಣವು ಸಹಜವಾಗಿ 16:9 ಆಗಿದೆ. ಹಳೆಯ ಪ್ರೊಜೆಕ್ಟರುಗಳದು 4:3; ಅಲ್ಲಿ ಮೇಲೂ ಕೆಳಗೂ ಕಪ್ಪು ಪಟ್ಟಿ ಬಿದ್ದು ಅಕ್ಷರ ಕಿರಿದಾಗುವುದೇ ಹೊರತು ಬೇರೆ ಹಾನಿಯಿಲ್ಲ.

ಇಷ್ಟೆಲ್ಲ ಮಾಡಿ ಸ್ವಂತ ಯಂತ್ರದಲ್ಲಿ ತೆರೆದು ನೋಡಿದರೆ ಅದು ಪರೀಕ್ಷೆಯಾಗದು. ಫಾಂಟು ಅಲ್ಲಿ ಮೊದಲೇ ಇರುವುದರಿಂದ ದೋಷವು ಮರೆಯಾಗಿಯೇ ಇರುತ್ತದೆ. ಆ ಫಾಂಟಿಲ್ಲದ ಮತ್ತೊಬ್ಬರ ಯಂತ್ರದಲ್ಲಿ ಮೊದಲಿನಿಂದ ಕಡೆಯವರೆಗೆ ತಿರುವಿ ನೋಡಬೇಕು. ಅಲ್ಲದೆ ಪಿಡಿಎಫ್ ರೂಪದ ಒಂದು ಪ್ರತಿಯೂ ಜೊತೆಯಲ್ಲಿರಲಿ. ಅದರಲ್ಲಿ ಚಲನೆಯೂ ಧ್ವನಿಯೂ ಲೋಪವಾಗುತ್ತವೆ, ಆದರೆ ಅಕ್ಷರದ ಆಕಾರವೂ ಸ್ಥಾನವೂ ಕದಲುವುದಿಲ್ಲ. ನಾನು ಈಗ ಎರಡನ್ನೂ ಒಂದೇ ಪೆನ್‌ಡ್ರೈವಿನಲ್ಲಿ ಒಯ್ಯುತ್ತೇನೆ. ಱಕಾರ ೞಕಾರಗಳ ಉಪನ್ಯಾಸಕ್ಕಾದರೆ ಪಿಡಿಎಫನ್ನೇ ತೆರೆಯುತ್ತೇನೆ.