ದುಬೈನ ಗಾಳಿಗೋಪುರಗಳು

ಕನ್ನಡದಲ್ಲಿ ಗಾಳಿಗೋಪುರ ಎಂದರೆ ಕೈಗೂಡದ ಕನಸು. ದುಬೈನಲ್ಲಿ ಮಾತ್ರ ಅದು ಕಲ್ಲು-ಗಾರೆಯಿಂದ ಕಟ್ಟಿದ, ಮುಟ್ಟಿ ನೋಡಬಹುದಾದ ವಸ್ತು. ಬರ್ ದುಬೈನ ಮೀನಾ ಬಜಾರಿನಿಂದ ಕ್ರೀಕ್ ಕಡೆಗೆ ಸ್ವಲ್ಪ ನಡೆದರೆ ಅಲ್ ಫಹೀದಿ ಬಡಾವಣೆ. ಅಲ್ಲಿನ ಹಳೆಯ ಮನೆಗಳ ನೆತ್ತಿಯ ಮೇಲೆ ನಿಂತಿರುವ ಈ ಗೋಪುರಗಳಿಗೆ ಅರಬ್ಬಿಯಲ್ಲಿ 'ಬರ್ಜೀಲ್' ಎನ್ನುತ್ತಾರೆ.

1890ರ ದಶಕದಿಂದೀಚೆಗೆ ಇರಾನಿನ ಬಸ್ತಕ್ ಕಡೆಯ ವರ್ತಕರು ಸುಂಕದ ಕಾಟ ತಾಳಲಾರದೆ ಇಲ್ಲಿಗೆ ಬಂದು ನೆಲೆಸಿದರು. ಹಳಬರ ಬಾಯಲ್ಲಿ ಇದು ಇಂದಿಗೂ ಬಸ್ತಕಿಯಾ. ಸಮುದ್ರದ ಹವಳದ ಕಲ್ಲು, ಜಿಪ್ಸಂ ಗಾರೆ, ಖರ್ಜೂರದ ಮರ, ಭಾರತದಿಂದ ಹಾಯಿಹಡಗಿನಲ್ಲಿ ಬಂದ ತೇಗ - ಇಷ್ಟೇ ಸಾಮಗ್ರಿ. ಹೊರಗೆ ಕಿಟಕಿ ಕಡಿಮೆ, ಒಳಗೆ ತೆರೆದ ಅಂಗಳ; ನಮ್ಮ ತೊಟ್ಟಿಮನೆಯ ದೂರದ ನೆಂಟ ಎನ್ನಬಹುದು. ಗೋಪುರದ ನಾಲ್ಕೂ ಬದಿ ತೆರೆದಿದ್ದು, ಒಳಗೆ ಮೂಲೆಯಿಂದ ಮೂಲೆಗೆ ಅಡ್ಡಗೋಡೆಗಳಿರುತ್ತವೆ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಕೆಳಗಿನ ಕೋಣೆಗೆ ಇಳಿಯುತ್ತದೆ, ಬಿಸಿಗಾಳಿ ಇನ್ನೊಂದು ಬದಿಯಿಂದ ಮೇಲೇರಿ ಹೊರಹೋಗುತ್ತದೆ. ಕರೆಂಟಿನ ಬಿಲ್ಲಿಲ್ಲ!

ಏ.ಸಿ. ಬಂದ ಮೇಲೆ ಮನೆಯವರು ಹೊಸ ಬಡಾವಣೆಗಳಿಗೆ ಹೋದರು. ಮನೆಗಳು ಗೋದಾಮುಗಳಾದವು, ಕಾರ್ಮಿಕರ ವಸತಿಗಳಾದವು. 1980ರ ದಶಕದಲ್ಲಿ ಸರ್ಕಾರಿ ಕಚೇರಿಗಾಗಿ ಸುಮಾರು ಅರ್ಧ ಭಾಗ ನೆಲಸಮವಾಯಿತು. ಉಳಿದದ್ದನ್ನೂ ಕೆಡವುವ ಯೋಜನೆ ಬಂದಾಗ, ಅಲ್ಲೇ ಒಂದು ಮನೆಯನ್ನು ದುರಸ್ತಿ ಮಾಡಿಕೊಂಡಿದ್ದ ಬ್ರಿಟಿಷ್ ವಾಸ್ತುಶಿಲ್ಪಿ ರೇನರ್ ಓಟರ್ ಸುಮ್ಮನೆ ಕೂರಲಿಲ್ಲ. ಯುವರಾಜ ಚಾರ್ಲ್ಸ್‌ಗೇ ಪತ್ರ ಬರೆದರು. 1989ರಲ್ಲಿ ದುಬೈಗೆ ಬಂದ ಚಾರ್ಲ್ಸ್ ಈ ಓಣಿಗಳನ್ನು ಸುತ್ತಿ, ಇವನ್ನು ಉಳಿಸಬೇಕೆಂದರು. ಕೆಡವುವುದು ನಿಂತಿತು.

ದುರಸ್ತಿ ಸುಲಭದ್ದಲ್ಲ. ಹವಳದ ಕಲ್ಲಿನಲ್ಲಿ ಉಪ್ಪಿರುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು, ಉಪ್ಪು ಹರಳುಗಟ್ಟಿ ಗೋಡೆಯನ್ನೇ ತಿನ್ನುತ್ತದೆ. ಹಳೆಯ ಗಾರೆಯೇ ಅದಕ್ಕೆ ಮದ್ದು. ಈಗ ಕೆಲವು ಗೋಡೆಗಳು ನನ್ನ ಕಣ್ಣಿಗೆ ತೀರಾ ನುಣುಪಾಗಿ ಕಾಣುತ್ತವೆ, ಆದರೂ ನಿಂತಿವೆಯಲ್ಲ!

ಡಬ್ಲಿನ್‌ನಲ್ಲಿ ಗಿನ್ನೆಸ್ ಬಿಯರಿನವರು 1904ರ ತಮ್ಮ ಹುದುಗಿಸುವ ಕಟ್ಟಡವನ್ನು ಉಳಿಸಿಕೊಂಡು 2000ದಲ್ಲಿ ಪ್ರವಾಸಿಗರಿಗೆ ತೆರೆದರು. ನಮ್ಮ ಬೆಂಗಳೂರಿನ ಗ್ರಾಂಟ್ ರಸ್ತೆಯ (ಈಗ ವಿಠಲ್ ಮಲ್ಯ ರಸ್ತೆ) ಹಳೆಯ ಬಿಯರ್ ಕಾರ್ಖಾನೆಗೆ ಆ ಭಾಗ್ಯ ಸಿಗಲಿಲ್ಲ. ಆ ಜಾಗದಲ್ಲಿ ಇಂದು ಯುಬಿ ಸಿಟಿಯ ಗಾಜಿನ ಮಳಿಗೆಗಳಿವೆ.

ಊರಿನ ಹಂಚಿನ ಮನೆ ಕೆಡವಿ ತಾರಸಿ ಹಾಕೋಣ ಎಂಬ ಮಾತು ನಮ್ಮ ಎಷ್ಟೋ ಮನೆಗಳಲ್ಲಿ ಪ್ರತಿ ರಜೆಗೂ ಏಳುತ್ತದೆ. ಹಣ ಕಳಿಸುವವರು ನಾವೇ ಆದ್ದರಿಂದ ನಮ್ಮ ಮಾತಿಗೆ ಬೆಲೆಯೂ ಇದೆ. ಕಂಟ್ರಾಕ್ಟರಿಗೆ ಮುಂಗಡ ಕೊಡುವ ಮೊದಲು, ಸುಣ್ಣದ ಗಾರೆಯ ಕೆಲಸ ಬಲ್ಲ ಹಳೆಯ ಮೇಸ್ತ್ರಿಯೊಬ್ಬರಿಗೆ ಗೋಡೆಯನ್ನೊಮ್ಮೆ ತೋರಿಸಿ.